ಷಡ್ಡಕನ ಬಕೆಟ್ಟಿನ ನಕ್ಷತ್ರ

ನಗರಸಭೆಯವರು ಮನೆಮನೆಗೂ ಕಂದು ಬಣ್ಣದ ಒಂದೊಂದು ಬಕೆಟ್ಟು ಹಂಚಿದ ದಿನ ಫ್ರೇಮಣ್ಣನಿಗೆ ಯಾರ ಮೇಲೂ ವಿಶೇಷವಾದ ಹೊಟ್ಟೆಕಿಚ್ಚಿರಲಿಲ್ಲ. ಇದ್ದದ್ದು ದಿನನಿತ್ಯದಷ್ಟೇ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲವಾದರೆ ಮುಂದಿನದನ್ನು ಕೇಳಿದವರು ಆತ ಹುಟ್ಟಿನಿಂದಲೇ ಹಾಗೆ ಎಂದುಕೊಂಡಾರು.

ಫ್ರೇಮಣ್ಣ ಎನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ. ಬೀದಿಯ ಮೂಲೆಯಲ್ಲಿ ಆತನದೊಂದು ಪುಟ್ಟ ಅಂಗಡಿ ಇತ್ತು. ಜನ ತಂದುಕೊಟ್ಟ ಮದುವೆಯ ಫೋಟೋ, ಮಕ್ಕಳ ಸರ್ಟಿಫಿಕೇಟು, ತೀರಿಕೊಂಡವರ ಭಾವಚಿತ್ರ ಇವಕ್ಕೆಲ್ಲ ಗಾಜು ಕತ್ತರಿಸಿ, ಮರದ ಪಟ್ಟಿ ಬಡಿದು ಫ್ರೇಮು ಹಾಕಿಕೊಡುವುದು ಆತನ ಕಸುಬು. ಮನೆಯಲ್ಲಿ ಇದ್ದವರು ಗಂಡ ಹೆಂಡತಿ ಇಬ್ಬರೇ. ಬೀದಿಯಾಚೆ, ಬಾಗಿಲಿಗೆ ಬಾಗಿಲು ಎದುರಾಗಿ, ಆತನ ಷಡ್ಡಕನ ಮನೆ. ಅಂದರೆ ಹೆಂಡತಿಯ ತಂಗಿಯ ಗಂಡ. ನೀರು ಸರಬರಾಜು ಕಚೇರಿಯ ಗುಮಾಸ್ತ. ಅಕ್ಕತಂಗಿಯರು ಹತ್ತಿರವಿರಲಿ ಎಂದು ಅತ್ತೆಯೇ ಹುಡುಕಿಸಿ ಕೊಡಿಸಿದ ಮನೆಗಳವು. ಅಕ್ಕತಂಗಿಯರು ಹತ್ತಿರವಾದರು. ಅವರ ಗಂಡಂದಿರು ಎದುರುಬದುರಾದರು.

ಬಕೆಟ್ಟು ಬಂದ ದಿನ ನೈರ್ಮಲ್ಯ ಇನ್ಸ್‌ಪೆಕ್ಟರು ಬೀದಿಯ ಮೂಲೆಯಲ್ಲಿ ನಿಂತು ವಿವರಿಸಿದರು. ಇನ್ನು ಮೇಲೆ ಅಡುಗೆಮನೆಯ ಕಸ ಬೇರೆ, ಉಳಿದ ಕಸ ಬೇರೆ. ಸಿಪ್ಪೆ, ಮಿಕ್ಕಿದ ಊಟ, ಮೊಟ್ಟೆಯ ಚಿಪ್ಪು, ಟೀಯ ಚರಟ ಎಲ್ಲ ಈ ಬಕೆಟ್ಟಿಗೆ. ವಾರಕ್ಕೆರಡು ಸಲ ಬೆಳಿಗ್ಗೆ ಗಾಡಿ ಬಂದು ಒಯ್ಯುತ್ತದೆ. ಅದರಿಂದ ಗೊಬ್ಬರವೂ ಆಗುತ್ತದೆ, ಅನಿಲವೂ ಆಗುತ್ತದೆ.

"ಈ ಬೀದಿಗೆ ಒಬ್ಬರು ಪ್ರತಿನಿಧಿ ಬೇಕು. ಯಾರು ಆಗ್ತೀರಿ, ಕೈ ಎತ್ತಿ," ಎಂದರು.

ಫ್ರೇಮಣ್ಣನಿಗೆ ಆಗಬೇಕೆನ್ನಿಸಿತು. ಜೀವಮಾನದಲ್ಲಿ ಆತನಿಗೆ ಯಾವ ಸ್ಥಾನಮಾನವೂ ಒಲಿದಿರಲಿಲ್ಲ; ಬೇರೆಯವರ ಸ್ಥಾನಮಾನಗಳಿಗೆ ಗಾಜು ಹಾಕಿದ್ದೇ ಆಯಿತು. ಆದರೆ ಆ ಗಳಿಗೆಯಲ್ಲಿ ಆತ ಅಂಗಡಿಯಿಂದ ದೊಡ್ಡದೊಂದು ಗಾಜಿನ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಬಂದುಬಿಟ್ಟಿದ್ದ. ಕೈ ಎತ್ತಿದರೆ ಗಾಜು ಬೀಳುತ್ತದೆ. ಗಾಜಿನ ಹಿಂದಿನಿಂದ "ನಾನು, ನಾನು" ಎಂದದ್ದು ಯಾರಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ ಷಡ್ಡಕನ ಕೈ ಮೇಲೆದ್ದಿತ್ತು. ಇನ್ಸ್‌ಪೆಕ್ಟರು ಆತನಿಗೆ ಹಸಿರು ಬಣ್ಣದ ಒಂದು ಜಾಕೆಟ್ಟು ತೊಡಿಸಿದರು. ಹಾಳಾದ್ದು, ಅದು ಆತನಿಗೆ ಒಪ್ಪುತ್ತಲೂ ಇತ್ತು.

ಅಲ್ಲಿಂದ ಶುರುವಾಯಿತು.

ಗಾಡಿ ಓಡಿಸುತ್ತಿದ್ದ ಹೆಂಗಸನ್ನು ಬೀದಿಯವರೆಲ್ಲ ಗಾಡಿಯಕ್ಕ ಎನ್ನುತ್ತಿದ್ದರು. ದೊಡ್ಡ ದನಿ, ಅದಕ್ಕಿಂತ ದೊಡ್ಡ ಕರುಳು. ಚೊಕ್ಕವಾಗಿ ಬೇರ್ಪಡಿಸಿದ ಮನೆಯ ಬಕೆಟ್ಟಿನ ಮುಚ್ಚಳಕ್ಕೆ ಆಕೆ ಬಂಗಾರದ ಬಣ್ಣದ ನಕ್ಷತ್ರವೊಂದನ್ನು ಅಂಟಿಸುತ್ತಿದ್ದಳು. ತಪ್ಪಿದವರಿಗೆ ಕೆಂಪು ಚೀಟಿ. ಮೊದಲ ಸಲವೇ ಫ್ರೇಮಣ್ಣನ ಮನೆಗೆ ಕೆಂಪು ಚೀಟಿ ಬಂತು, ಮೊಟ್ಟೆಯ ಚಿಪ್ಪಿನ ಜೊತೆ ಮೊಟ್ಟೆಯ ಪ್ಲಾಸ್ಟಿಕ್ ತಟ್ಟೆಯನ್ನೂ ಹಾಕಿದ್ದಕ್ಕೆ. ಎರಡನೆಯ ಸಲ ಚೀಟಿಯ ಜೊತೆ ಆತನ ಕನ್ನಡಕವೂ ಮರಳಿ ಬಂತು. ಬಕೆಟ್ಟಿನೊಳಗೆ ಬಗ್ಗಿ ಬಗ್ಗಿ ತಪಾಸಣೆ ಮಾಡುವಾಗ ಅದು ಮೂಗಿನಿಂದ ಜಾರಿದ್ದು ಆತನಿಗೆ ತಿಳಿದಿರಲಿಲ್ಲ.

ಷಡ್ಡಕನ ಮುಚ್ಚಳದ ಮೇಲೋ, ನಕ್ಷತ್ರದ ಪಕ್ಕ ನಕ್ಷತ್ರ.

"ನೋಡಿ ಅಣ್ಣ, ಮತ್ತೆ ಒಂದು ಬಂತು," ಎಂದು ಷಡ್ಡಕ ಬೀದಿಯಲ್ಲಿ ತಡೆದು ಹೇಳುವನು. "ಬೇಡ ಅಂದ್ರೂ ಅಂಟಿಸಿ ಹೋಗ್ತಾಳೆ. ನನಗೇ ಸಂಕೋಚ ಆಗುತ್ತೆ."

"ಸಂಕೋಚ ಆದ್ರೆ ಕಿತ್ತು ಹಾಕಿ."

"ಸರ್ಕಾರದ್ದಲ್ವಾ ಅಣ್ಣ, ಹಾಗೆಲ್ಲ ಕೀಳೋಕಾಗಲ್ಲ."

ಮನೆಗೆ ಬಂದರೆ ಹೆಂಡತಿ ಕಿಟಕಿಯ ಬಳಿ ನಿಂತಿರುತ್ತಿದ್ದಳು. "ತಂಗಿ ಮನೆ ಬಕೆಟ್ಟು ನೋಡಿದ್ರಾ? ಬಿಸಿಲು ಬಿದ್ರೆ ಇಲ್ಲಿವರೆಗೂ ಹೊಳೆಯುತ್ತೆ."

ಫ್ರೇಮಣ್ಣ ನೋಡಿದ್ದ. ಬಿಸಿಲು ಬೀಳದಿದ್ದಾಗಲೂ ನೋಡಿದ್ದ. ಕಣ್ಣು ಮುಚ್ಚಿದರೂ ಅದೇ ಕಾಣುತ್ತಿತ್ತು. ಅಂಗಡಿಯಲ್ಲಿ ಯಾರದೋ ಅಜ್ಜನ ಭಾವಚಿತ್ರವನ್ನು ತಲೆಕೆಳಗಾಗಿ ಫ್ರೇಮು ಹಾಕಿದ ಮೇಲೆ ಒಂದು ನಿರ್ಧಾರಕ್ಕೆ ಬಂದ. ಷಡ್ಡಕ ಏನೋ ಮಸಲತ್ತು ಮಾಡುತ್ತಿದ್ದಾನೆ. ಕಸ ಅಷ್ಟು ಚೊಕ್ಕವಾಗಿರಲು ಸಾಧ್ಯವೇ ಇಲ್ಲ. ಖಂಡಿತ ಕಸವನ್ನು ತೊಳೆದು ಹಾಕುತ್ತಿದ್ದಾನೆ.

ಕಸ ತೊಳೆಯುವುದು ಅಪರಾಧವೇ ಎಂದು ಕೇಳಬಹುದು. ಫ್ರೇಮಣ್ಣ ಆ ಪ್ರಶ್ನೆಯವರೆಗೆ ಹೋಗಲಿಲ್ಲ. ಗಾಡಿ ಬರುವ ದಿನ, ಬೀದಿಗೆ ಬೆಳಕು ಹರಿಯುವ ಹೊತ್ತಿಗೆ ಬನಿಯನ್ನಿನಲ್ಲೇ ಆಚೆಬದಿಗೆ ದಾಟಿ, ಷಡ್ಡಕನ ಗೇಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬಕೆಟ್ಟಿನ ಹಿಡಿಕೆ ಮಡಿಸಿ ಮುಚ್ಚಳ ತೆಗೆದ. ಒಳಗೆ ಎಲ್ಲ ಹಳೆಯ ಪೇಪರಿನಲ್ಲಿ ಸುತ್ತಿ ಓರಣವಾಗಿತ್ತು. ಒಂದು ಪೊಟ್ಟಣ ಬಿಚ್ಚಿದ. ಆಲೂಗಡ್ಡೆ ಸಿಪ್ಪೆ. ಇನ್ನೊಂದು ಬಿಚ್ಚಿದ. ಒಣಗಿದ ಬ್ರೆಡ್ಡಿನ ತುಂಡು. ತೊಳೆದದ್ದೋ ಅಲ್ಲವೋ ನೋಡಿ ತಿಳಿಯುವಂತಿರಲಿಲ್ಲ. ಮೂಗಿನ ಹತ್ತಿರ ತಂದ. ಮೂಗಿಗೂ ಬಾಯಿಗೂ ಮಧ್ಯೆ ಇರುವ ಅಂತರ ಎಷ್ಟು ಕಡಿಮೆ ಎಂಬುದು ಮನುಷ್ಯನಿಗೆ ಇಂಥ ಹೊತ್ತಿನಲ್ಲೇ ತಿಳಿಯುವುದು.

"ಅಣ್ಣ."

ತಿರುಗಿದರೆ ಗಾಡಿಯಕ್ಕ. ಮೂಲೆಯಲ್ಲಿ ಗಾಡಿ ನಿಲ್ಲಿಸಿ ನಡೆದು ಬಂದಿದ್ದಳು. ಆ ದೊಡ್ಡ ದನಿ ಎಲ್ಲಿ ಹೋಯಿತೋ, ಪಿಸುಗುಟ್ಟುವಂತೆ ಹೇಳಿದಳು. "ಅದನ್ನ ಅಲ್ಲೇ ಹಾಕಿಬಿಡಿ ಅಣ್ಣ. ಹಳೇದು, ಹೊಟ್ಟೆ ಕೆಡುತ್ತೆ."

"ಅಲ್ಲ, ನಾನು ಬರೀ..."

"ಏನೂ ಹೇಳ್ಬೇಡಿ. ನಮ್ಮನೇಲೂ ಇಂಥ ದಿನ ಕಂಡಿದೀವಿ." ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಗಾಡಿಯಿಂದ ತನ್ನ ತಿಂಡಿಯ ಡಬ್ಬಿ ತಂದು ಆತನ ಕೈಗಿಟ್ಟಳು. "ತಿನ್ನಿ. ನನ್ನೆದುರೇ ತಿನ್ನಿ."

ಫ್ರೇಮಣ್ಣನ ಮುಂದೆ ಎರಡು ದಾರಿಗಳಿದ್ದವು. ಷಡ್ಡಕನ ಕಸ ತೊಳೆದದ್ದೋ ಎಂದು ಮೂಸಿ ನೋಡಲು ಬಂದೆ ಎಂದು ಹೇಳುವುದು ಒಂದು, ತಿನ್ನುವುದು ಇನ್ನೊಂದು. ಆತ ತಿಂದ. ಹಸಿವಿಲ್ಲದೆ ತಿನ್ನುತ್ತಿದ್ದುದರಿಂದ ನಿಧಾನವಾಗಿ ತಿಂದ. ಎಷ್ಟು ದಿನದಿಂದ ಊಟ ಬಿಟ್ಟಿದ್ದರೆ ಹೀಗೆ ಗಂಟಲಲ್ಲಿ ಇಳಿಯದೆ ಒದ್ದಾಡುತ್ತದೆ ಎಂದು ಗಾಡಿಯಕ್ಕ ಇನ್ನಷ್ಟು ನೊಂದಳು.

ಈ ವಿಷಯವನ್ನು ಯಾರಿಗೂ ಹೇಳಬಾರದೆಂದು ಗಾಡಿಯಕ್ಕ ತೀರ್ಮಾನಿಸಿದ್ದಳು. ಆದ್ದರಿಂದ ಯಾರಿಗೂ ಹೇಳಬಾರದು ಎಂದು ಹೇಳಿಯೇ ಮುಂದಿನ ಮನೆಯ ಮೇಷ್ಟ್ರ ಹೆಂಡತಿಗೆ ಹೇಳಿದಳು. ಮೇಷ್ಟ್ರ ಹೆಂಡತಿ ಅದೇ ಷರತ್ತಿನ ಮೇಲೆ ಕ್ಷೌರದಂಗಡಿಯವನ ಅಮ್ಮನಿಗೆ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿ ಗುಟ್ಟು ಕಾಪಾಡುತ್ತಿತ್ತು.

ಅಂಗಡಿಗೆ ಮೊದಲು ಬಂದವರು ಮೇಷ್ಟ್ರು. ಫ್ರೇಮು ಹಾಕಿಸುವಂಥದ್ದು ಏನೂ ಕೈಯಲ್ಲಿರಲಿಲ್ಲ, ಒಂದು ಸ್ಟೀಲ್ ಪಾತ್ರೆ ಇತ್ತು. "ನಮ್ಮನೇಲಿ ಇವತ್ತು ಸೂಪು ಸ್ವಲ್ಪ ಜಾಸ್ತಿ ಆಗೋಯ್ತು," ಎಂದು ಗೋಡೆಯ ಕಡೆ ನೋಡುತ್ತಾ ಹೇಳಿದರು. "ಚೆಲ್ಲಿದ್ರೆ ಗಾಡಿಯಕ್ಕ ಬೈತಾಳೆ. ನೀವು ಕುಡಿದ್ರೆ ಉಪಕಾರ ಆಗುತ್ತೆ." ಆಮೇಲೆ ಕ್ಷೌರದಂಗಡಿಯವನು ಬೇಯಿಸಿದ ಮೊಟ್ಟೆ ತಂದ. ಇಸ್ತ್ರಿಯವನ ಹೆಂಡತಿ ಡಬ್ಬಿಯೊಂದನ್ನು ಕೌಂಟರಿನ ಮೇಲಿಟ್ಟಳು. ಹೋಗುವಾಗ ಬಾಗಿಲಲ್ಲಿ ನಿಂತು, "ಧೈರ್ಯವಾಗಿರಿ ಅಣ್ಣ," ಎಂದಳು.

ಧೈರ್ಯ ಯಾತಕ್ಕೆ ಎಂದು ಫ್ರೇಮಣ್ಣನಿಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಒಂದೇ, ಬೀದಿಯವರು ಸಾಲುಗಟ್ಟಿ ಬರುತ್ತಿರುವುದು ತನ್ನ ಅಂಗಡಿಗೆ, ಎದುರುಮನೆಗಲ್ಲ. ಸಂಜೆ ಷಡ್ಡಕ ಹಸಿರು ಜಾಕೆಟ್ಟಿನಲ್ಲಿ ಅಂಗಡಿಯ ಮುಂದೆ ಹಾದುಹೋದಾಗ ಬೇಕೆಂದೇ ಡಬ್ಬಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟ. ಷಡ್ಡಕ ನಿಂತ. ನೋಡಿದ. ಏನೂ ಕೇಳದೆ ಮುಂದೆ ಹೋದ. ಫ್ರೇಮಣ್ಣನಿಗೆ ಎದೆ ತಂಪಾಯಿತು.

ಆದರೆ ಎದೆ ತಂಪಾದ ಮನುಷ್ಯನ ಹೊಟ್ಟೆ ಕಂಠಮಟ್ಟ ತುಂಬಿತ್ತು. ಮನೆಯಲ್ಲಿ ಹೆಂಡತಿ ತಟ್ಟೆಯಿಟ್ಟು ಬಡಿಸಿದರೆ ಎರಡು ತುತ್ತಿಗೆ ಏದುಸಿರು ಬಂತು.

"ಯಾಕ್ರೀ, ಉಪ್ಪು ಜಾಸ್ತಿ ಆಯ್ತಾ?"

"ಇಲ್ಲ, ಹಸಿವಿಲ್ಲ."

ಮರುದಿನವೂ ಹಸಿವಿಲ್ಲ. ಅದರ ಮರುದಿನವೂ ಇಲ್ಲ. ಡಬ್ಬಿಗಳು ನಿಲ್ಲಲಿಲ್ಲ. ಬೀದಿಯಲ್ಲಿ ಯಾರು ಏನು ಕೊಟ್ಟರು ಎಂಬುದರಲ್ಲಿ ಒಂದು ಪೈಪೋಟಿಯೇ ಹುಟ್ಟಿ, ಅಡುಗೆಯ ಮಟ್ಟ ದಿನದಿಂದ ದಿನಕ್ಕೆ ಏರುತ್ತಿತ್ತು. ಹೆಂಡತಿ ಮೊದಲು ಉಪ್ಪು ಕಡಿಮೆ ಮಾಡಿ ನೋಡಿದಳು, ಆಮೇಲೆ ಖಾರ ಕಡಿಮೆ ಮಾಡಿದಳು, ಆಮೇಲೆ ಗಂಡನಿಗೆ ಇಷ್ಟವಾದದ್ದನ್ನೇ ದಿನವೂ ಹೊಸದಾಗಿ ಮಾಡತೊಡಗಿದಳು. ಎಲ್ಲವೂ ಮಿಗುತ್ತಿತ್ತು. ಮಿಕ್ಕದ್ದು ಮರುದಿನ ಹಳಸುತ್ತಿತ್ತು. ಹಳಸಿದ್ದನ್ನು ಆಕೆ ನಿಟ್ಟುಸಿರುಬಿಟ್ಟು ಕಂದು ಬಕೆಟ್ಟಿಗೆ ಹಾಕುತ್ತಿದ್ದಳು.

ಹೀಗಾಗಿ ಗಾಡಿಯಕ್ಕ ಫ್ರೇಮಣ್ಣನ ಮನೆಯ ಬಕೆಟ್ಟು ತೆಗೆದಾಗ ಒಳಗೆ ಸಿಪ್ಪೆಯಲ್ಲ, ಊಟವೇ ಇತ್ತು. ಒಬ್ಬ ಗಂಡಸು ಹೊಟ್ಟೆತುಂಬ ಉಣ್ಣಬಹುದಾದಷ್ಟು. ಆಕೆ ಮುಚ್ಚಳ ಹಿಡಿದುಕೊಂಡೇ ಮೇಷ್ಟ್ರ ಹೆಂಡತಿಯನ್ನು ಕರೆದು ತೋರಿಸಿದಳು.

"ನೋಡಿದ್ರಾ ಅಮ್ಮ? ಚೆಲ್ತಾಳೆ, ಗಂಡನಿಗೆ ಮಾತ್ರ ಹಾಕಲ್ಲ."

"ಮುಖ ನೋಡಿದ್ರೆ ಎಷ್ಟು ಮೆತ್ತಗಿದಾಳೆ," ಎಂದರು ಮೇಷ್ಟ್ರ ಹೆಂಡತಿ.

ಬೀದಿ ಎರಡು ಪಕ್ಷವಾಗಲಿಲ್ಲ. ಎಲ್ಲರೂ ಒಂದೇ ಪಕ್ಷ. ಹೆಂಡತಿ ದಿನಸಿ ಅಂಗಡಿಗೆ ಹೋದರೆ ಅಲ್ಲಿದ್ದ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಇಸ್ತ್ರಿಯವನು ಆಕೆಯ ಸೀರೆಯನ್ನು ಸುಕ್ಕಾಗುವಂತೆ ಮಡಿಸಿ ಕೊಟ್ಟ. ತರಕಾರಿ ಮಾರುವವಳು, "ನಿಮಗ್ಯಾಕಮ್ಮ ಇಷ್ಟೊಂದು, ಬಕೆಟ್ಟಿಗಾ?" ಎಂದು ಕೇಳಿದಳು. ಆಕೆಗೆ ಒಂದೂ ತಲೆಬುಡ ಹತ್ತಲಿಲ್ಲ. ಗಂಡನ ಹತ್ತಿರ ಹೇಳಿಕೊಂಡರೆ ಆತ ತೇಗಿ, ಮಗ್ಗುಲು ಬದಲಿಸಿದ. ಆತನಿಗೆ ತಿಳಿದಿರಲಿಲ್ಲವೇ? ಅರ್ಧ ತಿಳಿದಿತ್ತು. ಉಳಿದರ್ಧ ತಿಳಿಯದಿರಲು ಬಹಳ ಪ್ರಯತ್ನಪಡುತ್ತಿದ್ದ.

ಕೊನೆಗೆ ತಂಗಿಯ ಕಿವಿಗೂ ಬಿತ್ತು. ಆಕೆ ಅಕ್ಕನನ್ನು ಕೇಳಲು ಹೆದರಿ ಅಮ್ಮನಿಗೆ ಫೋನು ಮಾಡಿದಳು. ಅಮ್ಮ ಸಿಕ್ಕಿದ ಬಸ್ಸು ಹತ್ತಿ ಬಂದಿಳಿದು, ಕಿರಿಯಳನ್ನೂ ಕರೆದುಕೊಂಡು ಹಿರಿಯಳ ಮನೆಗೆ ಬಂದರು. ಅದೇ ಬೆಳಿಗ್ಗೆ ಇನ್ಸ್‌ಪೆಕ್ಟರೂ ಬಂದರು, ಜೊತೆಗೆ ಜಾಕೆಟ್ಟಿನಲ್ಲಿ ಷಡ್ಡಕ, ಹಿಂದೆ ಗಾಡಿಯಕ್ಕ, ಅವಳ ಹಿಂದೆ ತಮಗೂ ಇದಕ್ಕೂ ಸಂಬಂಧವೇ ಇಲ್ಲವೆನ್ನುವಂತೆ ಮೇಷ್ಟ್ರು ಮತ್ತು ಅವರ ಹೆಂಡತಿ. ಫ್ರೇಮಣ್ಣನ ಮನೆಯ ಮುಂಗೋಣೆಯಲ್ಲಿ ಕುರ್ಚಿಗಳು ಸಾಲದೆ ಇನ್ಸ್‌ಪೆಕ್ಟರು ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕೂತರು.

"ನೋಡಿಯಮ್ಮ," ಎಂದು ಅವರು ಗಂಟಲು ಸರಿಮಾಡಿಕೊಂಡರು. "ಮನೆ ಒಳಗಿನ ವಿಷಯಕ್ಕೆ ನಾವು ಕೈ ಹಾಕಲ್ಲ. ಆದ್ರೆ ಬಕೆಟ್ಟಿನ ಒಳಗಿನ ವಿಷಯ ನಮ್ಮದೇ. ಇಡೀ ವಾರ್ಡಿನಲ್ಲಿ ಇಷ್ಟು ಊಟ ಚೆಲ್ಲೋ ಮನೆ ಇನ್ನೊಂದಿಲ್ಲ."

"ಅವರು ಉಣ್ತಿಲ್ಲ ಸಾರ್. ನಾನೇನು ಮಾಡ್ಲಿ?" ಎಂದಳು ಹೆಂಡತಿ.

"ಉಣ್ತಿಲ್ವಾ?" ಗಾಡಿಯಕ್ಕನ ದೊಡ್ಡ ದನಿ ಮರಳಿ ಬಂದಿತ್ತು. "ಎದುರುಮನೆ ಬಕೆಟ್ಟಿಂದ ಒಣಗಿದ ಬ್ರೆಡ್ಡು ಎತ್ತಿಕೊಂಡು ತಿಂತಾ ಇದ್ರು ಪಾಪ, ಬೆಳಬೆಳಿಗ್ಗೆ, ಬನಿಯನ್ನಲ್ಲಿ. ನಾನು ಕಣ್ಣಾರೆ ಕಂಡಿದೀನಿ. ಬೀದಿ ಜನ ಸೇರಿ ಇವರ ಹೊಟ್ಟೆ ಹೊರೀತಿದೀವಿ."

ಅತ್ತೆ ಮಗಳ ಕಡೆ ತಿರುಗಿದರು. "ನಾನು ನಿನ್ನ ಹೀಗಾ ಬೆಳೆಸಿದ್ದು?"

ಹೆಂಡತಿ ಅಳಲಿಲ್ಲ, ಕೂಗಾಡಲಿಲ್ಲ. ಅಡುಗೆ ಅರ್ಧಕ್ಕೆ ಬಿಟ್ಟು ಬಂದಿದ್ದಳು. ಈರುಳ್ಳಿ ಹೆಚ್ಚಿದ ಕೈಯನ್ನು ಒಮ್ಮೆ ನೋಡಿಕೊಂಡು, ಗಂಡನತ್ತ ತಿರುಗಿ ಮೆಲ್ಲಗೆ ಕೇಳಿದಳು.

"ಹೌದೇನ್ರೀ? ನಾನು ನಿಮಗೆ ಊಟ ಹಾಕಿಲ್ವಾ?"

ಫ್ರೇಮಣ್ಣನಿಗೆ ಷಡ್ಡಕ ಕಂಡ, ಅವನ ಜಾಕೆಟ್ಟು ಕಂಡಿತು, ಅದರ ಪಕ್ಕದಲ್ಲಿ ಹೆಂಡತಿಯ ಮುಖವೂ ಕಂಡಿತು. ಎದ್ದು ನಿಂತ.

"ಹಾಕಿದಾಳೆ. ದಿನಾ ಹಾಕಿದಾಳೆ. ನನಗೆ ಹೊಟ್ಟೆ ಹಸಿದಿರಲಿಲ್ಲ. ಹೊಟ್ಟೆ ಉರೀತಿತ್ತು."

"ಅಸಿಡಿಟಿಯಾ?" ಎಂದರು ಮೇಷ್ಟ್ರು.

"ಅಲ್ಲ ಸಾರ್. ಕಿಚ್ಚು. ಇವರ ಬಕೆಟ್ಟಿನ ನಕ್ಷತ್ರ ನೋಡಿ. ಇವರು ಕಸ ತೊಳೆದು ಹಾಕ್ತಾರೇನೋ ಅಂತ ಮೂಸಿ ನೋಡ್ತಿದ್ದೆ."

ಯಾರೂ ನಂಬಲಿಲ್ಲ. ಮೊದಲು ತಲೆಯಾಡಿಸಿದವರು ಅತ್ತೆ. "ಅಳಿಯಂದಿರದು ದೊಡ್ಡ ಮನಸ್ಸು. ಹೆಂಡತಿ ಮಾನ ಉಳಿಸೋಕೆ ತಮ್ಮ ಮೇಲೆ ಹಾಕ್ಕೊಳ್ತಿದಾರೆ." ಗಾಡಿಯಕ್ಕ ಮತ್ತೆ ಸೆರಗು ಕಣ್ಣಿಗೊತ್ತಿದಳು. ಇನ್ಸ್‌ಪೆಕ್ಟರು, "ಒಂದು ಸ್ಟಿಕ್ಕರಿಗೆ ಯಾರಾದ್ರೂ ಹೊಟ್ಟೆಕಿಚ್ಚು ಪಡ್ತಾರೇನ್ರೀ? ನಮ್ಮ ಆಫೀಸಲ್ಲಿ ಅವು ಚೀಲಗಟ್ಟಲೆ ಬಿದ್ದಿವೆ," ಎಂದರು.

ತನ್ನ ಅಸೂಯೆಯನ್ನು ಜೀವಮಾನವಿಡೀ ಬಚ್ಚಿಟ್ಟುಕೊಂಡು ಬಂದ ಮನುಷ್ಯ ಅದು ನಿಜವೆಂದು ಸಭೆಯಲ್ಲಿ ಸಾಬೀತು ಮಾಡಬೇಕಾಗಿ ಬಂದದ್ದು ಹೀಗೆ.

"ಬರೀ ಸ್ಟಿಕ್ಕರಲ್ಲ," ಎಂದ ಫ್ರೇಮಣ್ಣ. ದನಿ ಏರಿತು. "ಇವರ ಗೇಟು ಕಿರುಗುಟ್ಟಲ್ಲ, ನಮ್ಮದು ಕಿರುಗುಟ್ಟುತ್ತೆ. ಅದಕ್ಕೂ ಉರಿದಿದೀನಿ. ಇವರ ತಲೆ ತುಂಬ ಕೂದಲಿದೆ, ನನಗಿಂತ ಎರಡೇ ವರ್ಷ ಚಿಕ್ಕವರು. ಇವರ ಟೆರೇಸಿನ ಮೇಲೆ ಹಾಕಿದ ಬಟ್ಟೆ ಮಧ್ಯಾಹ್ನಕ್ಕೇ ಒಣಗುತ್ತೆ. ಇವರು ಸೀನಿದ್ರೆ ಒಂದೇ ಸಲಕ್ಕೆ ಮುಗಿಯುತ್ತೆ, ನನಗೆ ಸೀನು ಬರೋ ಹಾಗಾಗಿ ಬರೋದೇ ಇಲ್ಲ. ಹೊಸ ಚಪ್ಪಲಿ ಇವರ ಕಾಲು ಕಚ್ಚಲ್ಲ. ಅತ್ತೆ ಬಂದಾಗಲೆಲ್ಲ ಮೊದಲು ಇವರ ಮನೆಗೇ ಹೋಗ್ತಾರೆ. ಮದುವೆಯಲ್ಲಿ ನನಗೆ ಕೊಟ್ಟ ವಾಚು ನಿಂತು ಎಷ್ಟೋ ಕಾಲ ಆಯ್ತು, ಇವರದ್ದು ಈಗಲೂ ಓಡ್ತಿದೆ. ಮೊನ್ನೆ ಇವರಿಗೆ ಜ್ವರ ಬಂದಾಗ ನೋಡೋಕೆ ಎಷ್ಟು ಜನ ಬಂದ್ರು. ನಾನೂ ಬಿಸಿಲಲ್ಲಿ ತಲೆ ಕಾಯಿಸಿಕೊಂಡು ಕೂತೆ. ನನಗೆ ಜ್ವರ ಬರಲಿಲ್ಲ."

ಇಷ್ಟು ಹೊತ್ತಿಗೆ ಎಲ್ಲರೂ ನಂಬಿದ್ದರು. ಇಂಥದ್ದನ್ನು ನಿಂತ ಕಾಲಲ್ಲಿ ಕಟ್ಟಿ ಹೇಳಲು ಯಾರಿಂದಲೂ ಸಾಧ್ಯವಿರಲಿಲ್ಲ. ಅತ್ತೆ ವಾಚಿನ ಮಾತು ಬಂದಾಗ ಸೂರು ನೋಡಿದರು. ಗಾಡಿಯಕ್ಕ ಸೆರಗು ಕೆಳಗಿಳಿಸಿ, "ಅಯ್ಯೋ, ನನ್ನ ತಿಂಡಿ ಅನ್ಯಾಯವಾಗಿ ಹೋಯ್ತಲ್ಲ," ಎಂದಳು.

ಷಡ್ಡಕನ ಮುಖ ಮಾತ್ರ ಅರಳುತ್ತ ಅರಳುತ್ತ ಕಿವಿಯವರೆಗೂ ಹೋಗಿತ್ತು. ಕಚೇರಿಯಲ್ಲಿ ನಾಲ್ಕು ಗೋಡೆಯ ನಡುವೆ ನೀರಿನ ದೂರುಗಳನ್ನು ಕೇಳುತ್ತ ಕೂರುವ ಆ ಮನುಷ್ಯನನ್ನು ನೋಡಿ ಇಲ್ಲಿಯವರೆಗೆ ಯಾರೂ ಕರುಬಿರಲಿಲ್ಲ. "ಇನ್ನೂ ಏನಾದ್ರೂ ಇದ್ಯಾ ಅಣ್ಣ?" ಎಂದು ಕೇಳಿದ. "ನಿಧಾನವಾಗಿ ನೆನಪು ಮಾಡ್ಕೊಳ್ಳಿ, ನನಗೆ ಅವಸರ ಇಲ್ಲ."

ಆಗ ಹೆಂಡತಿ ಮಾತಾಡಿದಳು. "ಅವರ ಮನೇದು ಒಂದೂ ಬಿಡದೆ ಹೇಳಿದ್ರಿ. ನಮ್ಮನೇಲಿ ಅವರು ಹೊಟ್ಟೆ ಉರ್ಕೊಳ್ಳೋ ಅಂಥದ್ದು ಏನೂ ಇಲ್ವಾ?"

ಎಲ್ಲರೂ ಷಡ್ಡಕನತ್ತ ನೋಡಿದರು. ಷಡ್ಡಕ ಒಳ್ಳೆಯ ಮನುಷ್ಯ, ಪ್ರಾಮಾಣಿಕವಾಗಿ ಯೋಚಿಸಿದ. ಗೋಡೆ ನೋಡಿದ, ಹೊಲಿಗೆ ಯಂತ್ರ ನೋಡಿದ, ಫ್ರೇಮಣ್ಣನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಬಾಯಿ ತೆರೆದ. ಏನೂ ತೋಚದೆ ಮುಚ್ಚಿಕೊಂಡ.

ಹೆಂಡತಿ ಅಡುಗೆಮನೆಗೆ ಹೋಗಿ ಒಲೆ ಆರಿಸಿದಳು. ಅಮ್ಮನ ಚೀಲ ಎತ್ತಿಕೊಂಡು, ತಂಗಿಯ ಕೈ ಹಿಡಿದು, ಬೀದಿ ದಾಟಿ ತಂಗಿಯ ಮನೆಗೆ ಹೋದಳು. ಹೋಗುವಾಗ ತಿರುಗಿ ನೋಡಲಿಲ್ಲ. ಸಭೆ ಕರಗಿತು. ಮೇಷ್ಟ್ರು ಹೋಗುವಾಗ ತಮ್ಮ ಸ್ಟೀಲ್ ಪಾತ್ರೆ ಎಲ್ಲಿದೆ ಎಂದು ಕೇಳಿ ತೆಗೆದುಕೊಂಡು ಹೋದರು.

ಅಂದು ಮಧ್ಯಾಹ್ನ ಅಂಗಡಿಗೆ ಒಂದು ಡಬ್ಬಿಯೂ ಬರಲಿಲ್ಲ. ಇಸ್ತ್ರಿಯವನ ಹೆಂಡತಿ ಎದುರು ಬದಿಯಲ್ಲಿ ನಡೆದುಹೋದಳು. ಕ್ಷೌರದಂಗಡಿಯವನು ಕಂಡವರಿಗೆಲ್ಲ ಏನೋ ಹೇಳಿ ನಗಿಸುತ್ತಿದ್ದ. ಸಂಜೆ ಫ್ರೇಮಣ್ಣ ಮನೆಗೆ ಬಂದು ನೋಡಿದರೆ ತಣ್ಣಗಿನ ಒಲೆ, ತೊಳೆದಿಟ್ಟ ಪಾತ್ರೆ, ಅರ್ಧ ಹೆಚ್ಚಿದ ಈರುಳ್ಳಿ. ಎಷ್ಟೋ ದಿನಗಳ ಮೇಲೆ ಆತನಿಗೆ ನಿಜವಾಗಿಯೂ ಹಸಿವಾಗಿತ್ತು. ಎದುರುಮನೆಯ ಕಿಟಕಿಯಲ್ಲಿ ದೀಪ ಹತ್ತಿತ್ತು. ಏನನ್ನೋ ಬೆಣ್ಣೆಯಲ್ಲಿ ಹುರಿಯುವ ವಾಸನೆಯೂ ಮೂವರು ಹೆಂಗಸರ ನಗುವೂ ಬೀದಿ ದಾಟಿ ಬರುತ್ತಿದ್ದವು. ಆತ ಹೊಸ್ತಿಲ ಮೇಲೆ ಕೂತ.

ಸ್ವಲ್ಪ ಹೊತ್ತಿಗೆ ಷಡ್ಡಕ ಬಂದ. ಉಂಡು ಬಂದಿದ್ದ, ಕೈ ಇನ್ನೂ ಒದ್ದೆಯಿತ್ತು. ಜಾಕೆಟ್ಟು ಇರಲಿಲ್ಲ. ಹೊಸ್ತಿಲ ಪಕ್ಕದ ಮೆಟ್ಟಿಲ ಮೇಲೆ ಕೂತು, ಏನೋ ಹೇಳಲು ಬಂದವನಂತೆ ಎರಡು ಸಲ ಕೆಮ್ಮಿದ.

"ಅಣ್ಣ, ಒಂದು ಕೇಳ್ಲಾ? ಆ ಡಬ್ಬಿಗಳಲ್ಲಿ... ಏನೇನಿರ್ತಿತ್ತು?"

"ಯಾಕೆ?"

"ಸುಮ್ಮನೆ." ಷಡ್ಡಕ ಬೀದಿಯ ಕಡೆ ನೋಡಿದ. "ಆ ಜಾಕೆಟ್ಟು ಹಾಕ್ಕೊಂಡು ಎಲ್ಲರ ಮನೆ ಬಾಗಿಲಿಗೂ ಹೋಗಿದೀನಿ. ಒಬ್ಬರೂ ನೀರು ಕುಡೀತೀರಾ ಅಂತ ಕೇಳಿಲ್ಲ. ನಿಮಗೆ ಮಾತ್ರ ಸಾಲುಗಟ್ಟಿ ತಂದುಕೊಟ್ರು. ಮೇಷ್ಟ್ರ ಹೆಂಡತಿ ಕೈ ಅಡುಗೆ ಚೆನ್ನಾಗಿರುತ್ತಂತೆ ಅಲ್ವಾ?"

ಫ್ರೇಮಣ್ಣ ನೆಟ್ಟಗೆ ಕೂತ.

"ಚೆನ್ನಾಗಿರುತ್ತೆ ಅಂತ ಹೇಳಿದ್ರೆ ಸಾಲದು," ಎಂದು ಶುರುಮಾಡಿದ. "ಆ ಸೂಪು ಇದೆ ನೋಡಿ, ಮುಚ್ಚಳ ತೆಗೆಯೋದಕ್ಕೆ ಮೊದಲೇ ಗೊತ್ತಾಗುತ್ತೆ. ಬಿಸಿ ಅಂದ್ರೆ ಬಿಸಿ. ಮೆಣಸು ಮೇಲೆ ತೇಲ್ತಿರುತ್ತೆ. ಕುಡೀತಿದ್ರೆ ಮೇಷ್ಟ್ರು ಪಕ್ಕದಲ್ಲೇ ನಿಂತು, ಇನ್ನೊಂದು ಚೂರು ಕುಡೀರಿ, ಇನ್ನೊಂದು ಚೂರು ಅಂತ ಬಲವಂತ ಮಾಡ್ತಿದ್ರು."

"ಬಲವಂತ ಮಾಡ್ತಿದ್ರಾ?"

"ಕೈ ಹಿಡಿದು."

ಷಡ್ಡಕ ಹೊಟ್ಟೆತುಂಬ ಉಂಡಿದ್ದರೂ ಉಗುಳು ನುಂಗಿದ. ಅದು ಗಂಟಲಲ್ಲಿ ಇಳಿದದ್ದು ಫ್ರೇಮಣ್ಣನಿಗೆ ಆ ಮಬ್ಬಿನಲ್ಲೂ ಸ್ಪಷ್ಟವಾಗಿ ಕಂಡಿತು. ಎದುರುಮನೆಯ ಬಾಗಿಲು ತೆರೆಯಿತು. ಹೆಂಡತಿ ಹೊರಗೆ ಬಂದು, ಇತ್ತ ನೋಡದೆ, ಆದರೆ ಇತ್ತ ಕೇಳಿಸುವಂತೆ ಹೇಳಿದಳು.

"ತಟ್ಟೆ ಹಾಕಿದೆ. ಬೇಕಾದವರು ಬಂದು ಉಣ್ಣಬಹುದು. ಆರಿಹೋದ್ರೆ ಮತ್ತೆ ಬಿಸಿ ಮಾಡಲ್ಲ."

ಷಡ್ಡಕ ಎದ್ದ. "ಬನ್ನಿ ಅಣ್ಣ, ಕರೀತಿದಾರೆ."

ಹಸಿವಿನಿಂದ ಕರುಳು ಚುರುಗುಟ್ಟುತ್ತಿದ್ದ ಫ್ರೇಮಣ್ಣ ಆತನ ತೋಳು ಹಿಡಿದು ಮೆಟ್ಟಿಲ ಮೇಲೆ ಮತ್ತೆ ಕೂರಿಸಿದ.

"ಕೂತ್ಕೊಳ್ಳಿ," ಎಂದ. "ಮೊಟ್ಟೆ ವಿಷಯ ಇನ್ನೂ ಹೇಳೇ ಇಲ್ಲ."